ಅಕ್ಕ ಬಂದಾಗಿನ ಸೊಂಟನೋವು

ಕೂಸನ್ನು ಗಂಡನ ತೋಳಿಗೆ ದಾಟಿಸಿ, ಬಾಣಂತಿ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಕೂತಳು. ಪಕ್ಕದಲ್ಲಿ ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಡಾಕ್ಟರಿಗಾಗಿ ಕಾಯುತ್ತಿದ್ದ ಎಲೆಕ್ಟ್ರಿಷಿಯನ್ ಪೇಪರು ಓದುವವನಂತೆ ತಲೆ ತಗ್ಗಿಸಿದ. ಕಿವಿ ಮಾತ್ರ ಆ ಕಡೆಗೇ ಇತ್ತು.

"ಎಲ್ಲಿ ನೋವು ಅಂತ ಡಾಕ್ಟರ್ ಕೇಳಿದ್ರೆ ಸರಿಯಾಗಿ ಹೇಳು," ಅಂದ ಗಂಡ.

"ಸೊಂಟದಲ್ಲಿ ಅಂತೀನಿ. ಯಾವಾಗ ಅಂತ ಕೇಳಿದ್ರೆ, ನಿಮ್ಮಕ್ಕ ಬಂದಾಗ ಅಂತೀನಿ."

"ಅವಳು ನಿನ್ನ ಮುಟ್ಟೋದೂ ಇಲ್ವಲ್ಲೇ."

"ಮುಟ್ಟೋದ್ಯಾಕೆ? ಸೋಫಾದಲ್ಲಿ ಕಾಲು ಚಾಚಿ, ‘ನಾನು ಹೆತ್ತ ವಾರಕ್ಕೇ ಬಟ್ಟೆ ಒಗೀತಿದ್ದೆ’ ಅಂದ್ರೆ ಸಾಕು. ನಡು ಹಿಡ್ಕೊಳ್ಳುತ್ತೆ."

"ಮೊನ್ನೆ ನಿನ್ನ ಗೆಳತಿ ಬಂದಾಗ ನಗ್ತಾ ಓಡಾಡ್ತಿದ್ಯಲ್ಲ?"

"ಅವಳು ಮಗೂನ ಎತ್ಕೊಂಡು, ‘ಹೋಗೇ, ಮಲ್ಕೋ’ ಅಂದ್ಲು. ಅರ್ಧ ನೋವು ಅಲ್ಲೇ ಇಳೀತು."

"ಅಕ್ಕಾನೂ ಅದನ್ನೇ ಹೇಳೋದು. ನೋವು ಇದ್ರೆ ಎಲ್ಲರ ಮುಂದೂ ಇರ್ಬೇಕು, ಇಲ್ಲಾಂದ್ರೆ ನಾಟಕ ಅಂತ."

"ಮ್ಯಾನೇಜರ್ ಬೈದ ದಿನ ನಿಮಗೆ ತಲೆ ಸಿಡಿಯುತ್ತಲ್ಲ, ಅದೂ ನಾಟಕಾನಾ?"

ಎಲೆಕ್ಟ್ರಿಷಿಯನ್ ಹಾಳೆ ತಿರುವುವುದನ್ನೇ ಮರೆತ. ಗಂಡನ ಫೋನು ಬಡಿದುಕೊಂಡಿತು.

"ಹೇಳಕ್ಕಾ. ಏನು, ಒಂದು ತಿಂಗಳು ನಮ್ಮನೇಲೇ ಬಂದಿರ್ತೀಯಾ? ಇವಳನ್ನ ದಾರಿಗೆ ತರೋಕಾ?"

ಬಾಣಂತಿ ಕಣ್ಣು ಮುಚ್ಚಿ, ಒಂದು ಕೈಯಿಂದ ನಡು ಒತ್ತಿಕೊಂಡಳು. ಗಂಡ ಅದನ್ನು ನೋಡಿದ. ಅಷ್ಟರಲ್ಲಿ ನರ್ಸ್ ಒಳಗೆ ಕರೆದಳು. ಹೆಂಡತಿ ಅವನ ಭುಜ ಹಿಡಿದು ಎದ್ದಳು. ಒಂದು ತೋಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಅವನೂ ಜೊತೆಗೆ ಹೆಜ್ಜೆ ಹಾಕಿದ.

"ಬೇಡಕ್ಕ," ಎನ್ನುತ್ತಿದ್ದ ಬಾಗಿಲ ಬಳಿ. "ರಜೆ ನಾನೇ ಹಾಕ್ತೀನಿ. ನೀನು ಬರೋದು ಬೇಡ."