ಎರಡನೇ ಮಿಸ್ಡ್ ಕಾಲ್

ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕ ಅಕ್ಕ-ತಂಗಿ ಕೂತಿದ್ದರು. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಅಕ್ಕನ ಬಲಗೈಗೆ ಪಟ್ಟಿ ಕಟ್ಟಿತ್ತು.

“ನೀನು ಸ್ನಾನಕ್ಕೆ ಹೋಗೋವಾಗ ನಂಗೊಂದು ಮಿಸ್ಡ್ ಕಾಲ್, ಮುಗಿದ ಮೇಲೆ ಒಂದು. ಹಾಗಂತ ತಾನೇ ಮಾತು? ಎರಡನೇದು ಬರಲಿಲ್ಲ ಅಂತ ಓಡಿ ಬಂದೆ,” ಎಂದಳು ತಂಗಿ.

“ನೀನು ಬೀದಿ ಗಂಡಸರನ್ನೆಲ್ಲ ಕಟ್ಕೊಂಡು ಬಂದೆ.”

“ಮುಂಬಾಗಿಲಿಗೆ ಒಳಗಿಂದ ಚಿಲಕ ಹಾಕಿದ್ಯಲ್ಲ! ಬಾಗಿಲು ಒಡೆಯೋಕೆ ಬೇಡ್ವಾ?”

“ಬಚ್ಚಲಲ್ಲಿ ಬಿದ್ದಿದ್ದೆ, ಮೈಮೇಲೆ ಬಟ್ಟೆ ಇರಲಿಲ್ಲ ಕಣೆ.”

“ಅದಕ್ಕೆ ‘ಚೆನ್ನಾಗಿದ್ದೀನಿ, ಹೋಗು’ ಅಂತ ಕೂಗಿದ್ಯಾ? ನಾನೊಬ್ಬಳು ಪೆದ್ದಿ, ನಂಬಿ ಹೋದೆ.”

“ಎರಡು ಗಂಟೆ ತೆವಳಿದೆ. ಆಮೇಲೆ ಸೀರೆ ಕೈಗೆ ಸಿಕ್ತು.”

ತಂಗಿ ಫೋನ್ ಕೈಗೆತ್ತಿಕೊಂಡಳು.

“ನಿನ್ನ ಮಗಳಿಗೆ ಹೇಳ್ತೀನಿ.”

“ಹೇಳಿದ್ರೆ ನಾಳೆನೇ ಮನೆ ಖಾಲಿ ಮಾಡಿಸ್ತಾಳೆ. ಅವಳ ಮನೇಲಿ ನಂಗೆ ಹಾಲ್‌ನಲ್ಲಿ ಮಂಚ. ಅವರು ಟೀವಿ ಆರಿಸಿದ ಮೇಲೆ ನಿದ್ದೆ.”

“ಹಾಗಾದ್ರೆ ಚಿಲಕ ಬಿಚ್ಚಿಸು. ಬೀಗದ ಇನ್ನೊಂದು ಕೀ ನನ್ನ ಹತ್ರ ಇರಲಿ.”

“ಚಿಲಕ ಇಲ್ದೆ ಒಬ್ಬಳೇ ಹೇಗೆ ಮಲಗಲಿ?”

“ಹಾಲ್‌ನಲ್ಲಿ ಯಾವ ಚಿಲಕ ಇರುತ್ತೆ?”

ನರ್ಸ್ ಕರೆದಳು. ಅಕ್ಕ ಎದ್ದು, ಎಡಗೈಯಿಂದ ಕೀ ಗೊಂಚಲು ತೆಗೆದು ತಂಗಿಯ ಮಡಿಲಿಗೆ ಹಾಕಿದಳು.

“ಒಂದನ್ನ ನೀನೇ ಬಿಡಿಸ್ಕೋ. ಬಂದ್ರೆ ಒಬ್ಬಳೇ ಬಾ.”

ತಂಗಿ ಜೊತೆಗೆ ಏಳಲು ಹೋದಳು. ಅಕ್ಕ ಬೇಡವೆಂದು ತಲೆಯಾಡಿಸಿ, ಗೋಡೆ ಹಿಡಿದುಕೊಂಡು ಒಳಗೆ ಹೋದಳು.