ಎಡಗಡೆಯ ಸೀಟು

ಪೋಲೆಂಡಿನಿಂದ ಉಕ್ರೇನಿಗೆ ಮರಳುವ ವಾಹನಗಳ ಸಾಲು ಬೆಳಗಿನಿಂದ ಗಡಿಯಲ್ಲೇ ಕೊಳೆಯುತ್ತಿತ್ತು. ತನ್ನ ಸರದಿಗೆ ಕಾಯುತ್ತ ಕಾಫಿ ಅಂಗಡಿಯ ಮುಂದೆ ನಿಂತಿದ್ದ ಲೆಸ್ಯಾಳ ಕಿವಿಗೆ ತನ್ನ ಮುಂದಿದ್ದ ಇಬ್ಬರ ಮಾತು ಬೇಡವೆಂದರೂ ಬೀಳುತ್ತಿತ್ತು. ಮುದುಕ ಝೆನೋವಿ ಇಂಗ್ಲೆಂಡಿನಲ್ಲಿ ಕೊಂಡ ಹಳೇ ಜೀಪನ್ನು ತಾನೇ ಓಡಿಸಿಕೊಂಡು ಬಂದಿದ್ದ. ಒಡಾರ್ಕಾ ಇಂಥವೇ ಏಳು ಗಾಡಿಗಳನ್ನು ಯುದ್ಧರಂಗಕ್ಕೆ ಮುಟ್ಟಿಸಿದವಳು.

“ಮಗನ ತುಕಡಿಗಾ ಅಣ್ಣ?” ಎಂದಳು ಒಡಾರ್ಕಾ.

“ಹೂಂ. ಐದು ದಿನ ಆಯ್ತು ಹೊರಟು. ಸೊಂಟ ಬಿದ್ದೋಯ್ತು.”

“ಸ್ಟೇರಿಂಗ್ ಬಲಕ್ಕಿದೆ. ನಮ್ಮಲ್ಲೆಲ್ಲ ಎಡಕ್ಕಲ್ವಾ?”

“ಬೇಕಂತಲೇ ತಂದೆ ಕಣಮ್ಮ. ಮರೆಯಲ್ಲಿ ಕೂತು ಹೊಡೆಯೋ ಆ ನನ್ಮಕ್ಳು ಡ್ರೈವರ್ ಇರ್ತಾನೆ ಅಂತ ಎಡಗಡೆಗೇ ಗುರಿ ಇಡ್ತಾರೆ. ನಮ್ಮ ಡ್ರೈವರ್ ಬಲಗಡೆ ಆರಾಮಾಗಿರ್ತಾನೆ!”

“ಮಗ ಚೆನ್ನಾಗಿ ಓಡಿಸ್ತಾನಾ?”

“ಅವನೆಲ್ಲಿ! ಸೈಕಲ್ ಬಿಟ್ರೆ ಏನೂ ಬರಲ್ಲ. ಓಡಿಸೋದು ಕಮಾಂಡರ್. ಇವನು ಪಕ್ಕದಲ್ಲಿ ಕೂತು…”

ಮುದುಕ ತಿರುಗಿ ಜೀಪಿನ ಎಡಗಡೆಯ ಸೀಟಿನತ್ತ ನೋಡಿದ. ಒಡಾರ್ಕಾ ತನ್ನ ಲೋಟದೊಳಗೆ ನೋಡುತ್ತ ನಿಂತಳು.

“ಕಲಿಸಣ್ಣ. ಒಂದೇ ದಿನ ಸಿಕ್ಕಿದ್ರೂ ಓಡಿಸೋದು ಕಲಿಸು.”

“ನನ್ನ ಅಲ್ಲೀವರೆಗೂ ಬಿಡಲ್ಲಮ್ಮ. ದಾರೀಲೇ ಯಾರೋ ಬಂದು ಕೀ ಇಸ್ಕೊಂಡು ಹೋಗ್ತಾರೆ.”

ಅಷ್ಟರಲ್ಲಿ ಸಾಲು ಕದಲಿತು. ಝೆನೋವಿ ಕಾಫಿ ಬಿಟ್ಟು ಹೋಗಿ ಜೀಪಿನ ಎಡಬಾಗಿಲು ತೆರೆದ. ಆ ಸೀಟಿನ ಮೇಲೆ ಮಗನಿಗೆಂದು ತಂದ ಹೊಸ ಬೂಟುಗಳಿದ್ದವು. ಹಿಂದಿನವರು ಹಾರನ್ ಬಾರಿಸುತ್ತಿದ್ದರೂ ಅವನ್ನು ಎರಡೂ ಕೈಯಲ್ಲಿ ಎತ್ತಿ ಹಿಂಬದಿಯ ಸೀಟಿನಲ್ಲಿಟ್ಟ. ಆಮೇಲೆ ಬಲಗಡೆ ಹತ್ತಿ ಕೂತ.