ಪ್ಯಾನ್‌ಕೇಕ್ ಸಾಲಿನ ಮೇಲಿನ ರೈಫಲ್ಲು

ನಮ್ಮ ಪೆನ್ಸಿಲ್ವೇನಿಯಾದ ಊರಿನ ಅಗ್ನಿಶಾಮಕ ಠಾಣೆಗೆ ಏನಾದರೂ ಕೊಳ್ಳಲು ಹಣ ಬೇಕಾದರೆ ಭಾನುವಾರ ಬೆಳಿಗ್ಗೆ ಪ್ಯಾನ್‌ಕೇಕ್ ಮಾರುತ್ತಾರೆ, ಜೊತೆಗೊಂದು ಲಾಟರಿ ಇಡುತ್ತಾರೆ. ಈ ಸಲದ ಬಹುಮಾನ ಸೈನಿಕರ ಬಂದೂಕಿನಂಥದೇ ಕಪ್ಪು ರೈಫಲ್ಲು. ಅದನ್ನು ಸಿರಪ್ ಬಾಟಲಿಗಳ ಮೇಲಿನ ಗೋಡೆಗೆ ತೂಗುಹಾಕಿದ್ದರು. ಸಾಲಿನಲ್ಲಿ ನನ್ನ ಮುಂದೆ ವಿಯೆಟ್ನಾಂ ಯುದ್ಧದಲ್ಲಿದ್ದ ಮುದುಕ ಆರಿನ್, ಅವನ ಹೆಂಡತಿಯ ತಮ್ಮ ವರ್ಜಿಲ್ ನಿಂತಿದ್ದರು.

"ಜಿಂಕೆ ಹೊಡೆಯೋಕೆ ಇಂಥದ್ದು ಯಾಕೋ?" ಎಂದ ಆರಿನ್.

"ಸಂವಿಧಾನದಲ್ಲಿ ಜಿಂಕೆ ಎಲ್ಲಿದೆ ಭಾವ? ಬಂದೂಕು ಇಟ್ಕೊಳ್ಳೋದು ಹಕ್ಕು ಅಂತಷ್ಟೇ ಇದೆ. ಇದು ನನ್ನ ಹಕ್ಕು."

"ಸೈನ್ಯದ ತರಬೇತೀಲಿ ದಿನಾ ಸಂಜೆ ಬಂದೂಕನ್ನ ನಮ್ಮಿಂದ ವಾಪಸ್ ತಗೊಂಡು ಬೀಗ ಹಾಕ್ತಿದ್ರು. ಸಿಪಾಯಿಗಳನ್ನೇ ನಂಬ್ತಿರ್ಲಿಲ್ಲ."

"ಅದಕ್ಕೇ ಹೇಳೋದು, ಸರ್ಕಾರಾನ ನಂಬಬಾರ್ದು ಅಂತ."

"ಮತ್ಯಾರನ್ನ ನಂಬ್ತೀಯ?"

ವರ್ಜಿಲ್ ಒಂದು ತಟ್ಟೆ ತೆಗೆದುಕೊಂಡ. ಸಾಲು ಸ್ವಲ್ಪ ಮುಂದೆ ಸರಿಯಿತು.

"ನಿನ್ ಮಗ ಹೇಗಿದಾನೆ?" ಆರಿನ್ ಕೇಳಿದ.

"ಹೆಂಡ್ತಿ ಬಿಟ್ಟುಹೋದಾಗಿಂದ ಹಾಗೇ ಇದಾನೆ. ಬದುಕಿ ಏನ್ ಮಾಡ್ಲಿ ಅಂತಾನೆ. ನಿನ್ನೆ ಒಂಚೂರು ನಿದ್ದೆ ಮಾಡ್ದ."

"ಹಾಗಾದ್ರೆ ನೀನು ತಂದಿಟ್ಟಿರೋ ನಿನ್ ರೈಫಲ್ಲು ನಮ್ಮನೆ ಬೀಗದ ಕಪಾಟಲ್ಲೇ ಇರ್ಲಿ."

"ಇರ್ಲಿ ಭಾವ. ಅವನು ಬಂದು ಕೇಳಿದ್ರೆ ಕೊಡ್ಬೇಡಿ."

"ನೀನು ಬಂದು ಕೇಳಿದ್ರೆ?"

ವರ್ಜಿಲ್ ತಲೆ ಎತ್ತಿ ಗೋಡೆಯನ್ನು ನೋಡಿದ.

"ನಂಗೂ ಕೊಡ್ಬೇಡಿ."

"ಮತ್ತೆ ಹಕ್ಕು?"

"ಹಕ್ಕು ನಂದೇ," ಎಂದ ವರ್ಜಿಲ್. ತಟ್ಟೆ ತುಂಬ ಸಿರಪ್ ಸುರಿದುಕೊಂಡು ಮೇಜಿನ ಕಡೆ ಹೋದ. ಆರಿನ್ ಇಬ್ಬರಿಗೂ ಕಾಫಿ ಹಿಡಿದು ಅವನ ಹಿಂದೆ ನಡೆದ.